ಬಿಗಿ ಮಾಡಿದ ನೆನಪು

ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ಒಂದು ನಟ್ಟು ನೆನಪಾಯಿತು. ಬಿಚ್ಚಿದ್ದು ನೆನಪಾಯಿತು, ಮತ್ತೆ ಹಾಕಿದ್ದು ನೆನಪಾಗಲಿಲ್ಲ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕನ್ನಡಿಯಲ್ಲಿ ತನ್ನ ಮುಖ ನೋಡಿದ, ಮುಖಕ್ಕೇನಾದರೂ ಗೊತ್ತಿರಬಹುದು ಎನ್ನುವ ಹಾಗೆ. ಎಂಟು ದಿನದ ಹಿಂದೆ ಹಿಂದಿನ ರೂಮಿನ ಮೇಜಿನ ಮೇಲೆ ಐದು ಡಬ್ಬಿಗಳು ಸಾಲಾಗಿ ಕೂತಿದ್ದವು. ಐದೂ ಒಂದೇ ಅಳತೆಯ ಕಬ್ಬಿಣದ ಡಬ್ಬಿ. ಒಳಗೆ ಒಂದೊಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಎರಡು ದಪ್ಪ ಕೆಪಾಸಿಟರ್, ಒಂದು ರೆಗ್ಯುಲೇಟರ್. ಗೋಡೆಯ ಕರೆಂಟನ್ನು ಇಳಿಸಿ, ಸೋಸಿ, ಹನ್ನೆರಡು ವೋಲ್ಟಿನ ಅಲುಗದ ಗೆರೆಯಾಗಿ ಮಾಡಿ ಹಾಡಿನ ಯಂತ್ರಕ್ಕೆ ಕೊಡುವುದು ಅವುಗಳ ಕೆಲಸ. ಕಂಪನಿಯವರು ಇದನ್ನೇ ಹೊಳೆಯುವ ಮುಖ ಅಂಟಿಸಿ ಮಾರುತ್ತಾರೆ. ಅವನು ಕೆಟ್ಟ ಫೋಟೋಕಾಪಿ ಯಂತ್ರಗಳಿಂದ ಕಿತ್ತ ಟ್ರಾನ್ಸ್‌ಫಾರ್ಮರಿನಿಂದ, ಗುಜರಿ ಅಂಗಡಿಯ ಅಲ್ಯುಮಿನಿಯಮ್ಮಿನಿಂದ ಅಗ್ಗಕ್ಕೆ ಮಾಡುತ್ತಿದ್ದ. ಆ ದಿನ ಪರೀಕ್ಷೆಗೆ ಕೂತಾಗ ಐದೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಎಂದವು. ಗುಂಯ್ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಈ ಕೆಲಸದವರೆಲ್ಲ ಮಾಡುವ ಒಂದು ಉಪಾಯವಿದೆ. ಡಬ್ಬಿಯ ಲೋಹವನ್ನು ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಕಟ್ಟುವ ಹಸಿರು ವಯರನ್ನು, ಅಂದರೆ ಅರ್ತನ್ನು, ಬಿಚ್ಚಿ ಕೇಳುವುದು. ಡಬ್ಬಿಯೂ ಆಂಪ್ಲಿಫೈಯರೂ ಎರಡೂ ನೆಲಕ್ಕೆ ಕಟ್ಟಿಕೊಂಡಿದ್ದರೆ ನಡುವೆ ಒಂದು ಸುತ್ತು ಉಂಟಾಗಿ ಗುಂಯ್ಗುಡುತ್ತದೆ. ಒಂದನ್ನು ಬಿಚ್ಚಿದರೆ ಸುಮ್ಮನಾಗುತ್ತದೆ. ಒಂದು ಡಬ್ಬಿಯದು ಬಿಚ್ಚಿದ್ದ. ಸುಮ್ಮನಾಯಿತು. ಕಾರಣ ಸಿಕ್ಕಿತು ಎಂದು ಖುಷಿಯಾಗಿ ಐದರ ಒಳಗೂ ಬೇರೆ ವಯರುಗಳನ್ನು ಆಚೀಚೆ ಸರಿಸಿ ಗುಂಯ್ ಅನ್ನು ಕಾಲು ಭಾಗಕ್ಕೆ ಇಳಿಸಿದ. ಅಗ್ಗದ ಡಬ್ಬಿಗೆ ಇಷ್ಟು ಸಾಕು ಎಂದುಕೊಂಡು ಮುಚ್ಚಳ ಹಾಕಿದ. ಮುಚ್ಚಳದ ನಾಲ್ಕು ಸ್ಕ್ರೂ ಹಾಕಿದ್ದು ಚೆನ್ನಾಗಿ ನೆನಪಿತ್ತು.

ಬಾಯಿ ಮುಕ್ಕಳಿಸಿದವನು ಟವೆಲು ಹೆಗಲ ಮೇಲೆ ಹಾಕಿಕೊಂಡೇ ಹಿಂದಿನ ರೂಮಿಗೆ ಹೋದ. ಐದರಲ್ಲಿ ಮೂರು ಇನ್ನೂ ಗೂಡಿನಲ್ಲಿದ್ದವು. ಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಡಬ್ಬಿಯ ಬಣ್ಣ ಕೆರೆದ ಜಾಗಕ್ಕೆ ಒತ್ತಿದ; ನಡುವೆ ಹಸಿರು ವಯರು ಇದ್ದರೆ ಮೀಟರು ಪೀಂ ಎನ್ನಬೇಕು. ಪೀಂ ಎಂದಿತು. ಎರಡನೆಯದು ಪೀಂ. ಮೂರನೆಯದಕ್ಕೆ ಒತ್ತುವಾಗ, ಇದು ಪೀಂ ಅನ್ನದೆ ಇರಲಿ, ಇದೇ ಆಗಿರಲಿ ಎಂದು ಬೇಡಿಕೊಂಡ. ತನ್ನ ಕೈಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಅದೂ ಪೀಂ ಎಂದಿತು. ಹಾಗಾದರೆ ಹೊರಗೆ ಹೋದ ಎರಡರಲ್ಲಿ ಒಂದು. ಒಂದು ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿತ್ತು, ಇನ್ನೊಂದು ಅಕ್ಕನ ಮನೆಯಲ್ಲಿ. ಅಥವಾ ಯಾವುದೂ ಅಲ್ಲ, ಮತ್ತೆ ಹಾಕಿದ್ದೇನೆ. ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ಕೂತ. ಕಣ್ಣು ಮುಚ್ಚಿದರೆ ಬಿಗಿ ಮಾಡುವುದು ಕಾಣುತ್ತಿತ್ತು: ಹಲ್ಲುಹಲ್ಲಿನ ವಾಷರು, ಮೇಲೆ ನಟ್ಟು, ಸ್ಪ್ಯಾನರಿನ ಕೊನೆಯ ಕಾಲು ಸುತ್ತಿಗೆ ಮಣಿಕಟ್ಟಿನಲ್ಲಿ ಒಂದು ಸಣ್ಣ ನೋವು. ಆದರೆ ಇಂಥ ನಟ್ಟನ್ನು ಅವನು ಈ ಮೂರು ವರ್ಷದಲ್ಲಿ ನೂರಾರು ಸಲ ಬಿಗಿ ಮಾಡಿದ್ದ. ಕಾಣುತ್ತಿರುವುದು ಅವುಗಳಲ್ಲಿ ಯಾವುದು? ಮಣಿಕಟ್ಟಿಗೆ ತಾರೀಖು ಗೊತ್ತಿರುವುದಿಲ್ಲ. ಯೋಚಿಸಿದಷ್ಟೂ ನೆನಪು ಸ್ಪಷ್ಟವಾಗುತ್ತ ಹೋಯಿತು, ಸ್ಪಷ್ಟವಾದಷ್ಟೂ ಅದು ಈಗ ತಾನೇ ಮಾಡಿಕೊಂಡದ್ದು ಅನ್ನಿಸಿತು.

ಕನ್ನಡಕದ ಅಂಗಡಿಗೆ ಹತ್ತು ನಿಮಿಷ ತಡವಾಗಿ ಹೋದ. ಅವನ ಸಂಬಳದ ಕೆಲಸ ಅಲ್ಲಿ. ಅಂಗಡಿಯ ಹಿಂದೆ ಪರದೆಯ ಆಚೆ ಮಸೂರಗಳನ್ನು ಚೌಕಟ್ಟಿನ ಅಳತೆಗೆ ಅರೆಯುವುದು. ಅರೆಯುವ ಕಲ್ಲಿಗೆ ನೀರು ತೊಟ್ಟಿಕ್ಕುತ್ತಿತ್ತು, ಕೈಯೆಲ್ಲ ಬಿಳಿಯ ಗಂಜಿಯಂಥ ಪುಡಿ. ಒದ್ದೆ ಕೈ ಮತ್ತು ಯಂತ್ರದ ಕಬ್ಬಿಣದ ಮೈ ಈ ದಿನ ಅವನಿಗೆ ಬೇರೆ ಬೇರೆಯಾಗಿ ಕಾಣಿಸತೊಡಗಿದವು. ಭಾನುವಾರ ಅಕ್ಕ ಫೋನಿನಲ್ಲಿ ನಗುತ್ತಾ ಹೇಳಿದ್ದಳು: "ನಿನ್ನ ಡಬ್ಬಿ ಎಷ್ಟು ಬೆಚ್ಚಗಿರುತ್ತೆ ಗೊತ್ತೇನೋ? ನಿಮ್ಮ ಭಾವನ ಸಾಕ್ಸು ಒಣಗಿಸೋಕೆ ಅಂತಾನೇ ಮಾಡಿಕೊಟ್ಟ ಹಾಗಿದೆ. ಒಂದು ಹಾಡು ಮುಗಿಯೋದ್ರಲ್ಲಿ ಒಂದು ಸಾಕ್ಸು ಒಣಗುತ್ತೆ." ಅವನೂ ನಕ್ಕಿದ್ದ. ಇಂಥ ಸಪ್ಲೈ ಬಿಸಿಯಾಗುವುದೇ ಅದರ ಗುಣ, ಮಿಕ್ಕ ವೋಲ್ಟನ್ನು ಅದು ಸುಟ್ಟು ಕಳೆಯುತ್ತದೆ ಎಂದೆಲ್ಲ ವಿವರಿಸಿದ್ದ. ಒದ್ದೆ ಸಾಕ್ಸು ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಆಮೇಲೆ ಅಕ್ಕ, "ಒಂದಿಷ್ಟೂ ಸದ್ದಿಲ್ಲ ಕಣೋ. ಹಾಡು ನಿಂತರೆ ಸ್ಪೀಕರು ಸತ್ತು ಹೋಗಿದೆಯೇನೋ ಅನ್ನಬೇಕು," ಎಂದಿದ್ದಳು. ಆ ಮಾತಿನ ಮೇಲೆ ಅವನು ಮೂರು ದಿನ ಬದುಕಿದ್ದ.

ಹತ್ತೂವರೆಗೆ ಜೇಬಿನಲ್ಲಿ ಫೋನು ನಡುಗಿತು. ಡ್ರಾಯಿಂಗ್ ಮೇಷ್ಟ್ರು. "ಏನಪ್ಪಾ, ನಿನ್ನ ಡಬ್ಬಿ ಗುಂಯ್ಗುಡ್ತಾ ಇದೆಯಲ್ಲ. ಜೋರೇನಿಲ್ಲ. ಪಕ್ಕದ ರೂಮಲ್ಲಿ ಯಾರೋ ನನ್ನ ಬಗ್ಗೆ ಪಿಸುಗುಟ್ತಾ ಇರೋ ಹಾಗೆ. ಒಂದು ಸಲ ಬಂದು ನೋಡ್ತೀಯಾ?" ನೋಡುತ್ತೇನೆ ಎಂದು ಫೋನಿಟ್ಟವನು ಕಲ್ಲು ತಿರುಗುತ್ತಿರುವಂತೆಯೇ ನಿಂತುಬಿಟ್ಟ. ಮೇಷ್ಟ್ರದು ಗುಂಯ್ಗುಡುತ್ತಿದೆ. ಅಂದರೆ ಅದರ ಹಸಿರು ವಯರು ಇದ್ದಲ್ಲೇ ಇದೆ. ಅಕ್ಕನದು ಒಂದಿಷ್ಟೂ ಸದ್ದಿಲ್ಲ. ಅಂದರೆ—. ಮೂರು ದಿನ ತಾನು ಹಿಗ್ಗಿದ್ದು ಎಂಥ ಮೌನಕ್ಕೆ ಎಂದು ಗೊತ್ತಾದಾಗ ಅವನಿಗೆ ಮೊದಲು ಬಂದದ್ದು ನಾಚಿಕೆ. ಭಯ ಆಮೇಲೆ ಬಂತು. ಈ ಅನುಕ್ರಮ ಅವನಿಗೇ ಅಸಹ್ಯವಾಯಿತು.

ತಕ್ಷಣ ಅಕ್ಕನಿಗೆ ಫೋನು ಮಾಡಿದ. ಎತ್ತಿದ್ದು ಭಾವ. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದರು. ಪಾಠ ಇಲ್ಲದ ಹೊತ್ತು ಮನೆಯಲ್ಲಿರುತ್ತಿದ್ದರು. "ಓಹೋ ಇಂಜಿನಿಯರ್! ನಿಮ್ಮಕ್ಕ ಮಹಡಿ ಮೇಲಿದ್ದಾಳೆ. ಏನು?" ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ವರ್ಷದಿಂದ ಭಾವನಿಗೆ ಅವನು ಇಂಜಿನಿಯರ್. ಅವನು ತುಟಿ ನೆಕ್ಕಿಕೊಂಡು, "ಆ ಡಬ್ಬಿ ಹೇಗಿದೆ ಭಾವ?" ಎಂದ. "ಅದನ್ನ ಹೇಳಬೇಕು ಅಂತಾನೇ ಇದ್ದೆ. ನಿನ್ನೆ ನಮ್ಮ ಸ್ಕೂಲಿನವರು ಇಬ್ಬರು ಬಂದಿದ್ರು, ಕೇಳಿಸಿದೆ. ಎಲ್ಲಿಂದ ತಂದ್ರಿ ಅಂದ್ರು. ನನ್ನ ಹೆಂಡ್ತಿ ತಮ್ಮ ಮಾಡಿದ್ದು ಅಂದೆ. ನಂಬಲಿಲ್ಲ ಬಿಡು. ನಾನೇ ಇನ್ನೂ ಪೂರ್ತಿ ನಂಬಿಲ್ಲ." ಭಾವ ನಕ್ಕರು. ನನ್ನ ಹೆಂಡ್ತಿ ತಮ್ಮ ಮಾಡಿದ್ದು. ಹನ್ನೊಂದು ವರ್ಷದಲ್ಲಿ ಭಾವ ಅವನನ್ನು ಇನ್ನೊಬ್ಬರ ಮುಂದೆ ಹೀಗೆ ಹೇಳಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ಅವನಿಗೆ ಕಾರು ಕಲಿಸುತ್ತೇನೆ ಎಂದು ಕೂರಿಸಿ, ಮೈದಾನದ ನಾಲ್ಕನೆಯ ಸುತ್ತಿಗೆ ಇಳಿಸಿ, "ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸೋ ಜಾತಿ ನೀನು" ಎಂದಿದ್ದ ಮನುಷ್ಯ. "ಮತ್ತೇನು ವಿಷಯ?" ಎಂದು ಭಾವ ಕೇಳಿದರು. "ಏನಿಲ್ಲ, ಸುಮ್ಮನೆ," ಎಂದು ಅವನು ಇಟ್ಟುಬಿಟ್ಟ. ಇಟ್ಟ ಮೇಲೆ ಕೈಯಲ್ಲಿದ್ದ ಫೋನನ್ನು ನೋಡಿದ. ಪ್ಲಗ್ಗು ಕಿತ್ತಿಡಿ ಎನ್ನಲು ಎರಡು ಪದ ಸಾಕಿತ್ತು. ಅಕ್ಕ ಮಹಡಿಯ ಮೇಲೆ ಒಣಗುವುದಕ್ಕೆ ಹಾಕಿರುತ್ತಾಳೆ, ಈ ಬಿಸಿಲಿಗೆ ಸಾಕ್ಸನ್ನು ಡಬ್ಬಿಯ ಹತ್ತಿರ ತರುವುದಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಬಿಸಿಲು ಎಲ್ಲಿತ್ತು? ಪರದೆಯ ಆಚೆ ರಸ್ತೆ ಬೂದಿಯ ಬಣ್ಣದಲ್ಲಿತ್ತು.

"ಇದೇನಯ್ಯಾ ಇದು?" ಯಜಮಾನರು ಪರದೆ ಸರಿಸಿ ನಿಂತಿದ್ದರು. ಕೈಯಲ್ಲಿ ಅವನು ಆಗಲೇ ಕೂರಿಸಿ ಕೊಟ್ಟಿದ್ದ ಕನ್ನಡಕ. "ಬಲಗಣ್ಣಿಂದು ಎಡಕ್ಕೆ, ಎಡಗಣ್ಣಿಂದು ಬಲಕ್ಕೆ. ಆ ಅಮ್ಮ ಹಾಕಿಕೊಂಡು ಗೋಡೆ ಕಡೆ ನಡೆದರು. ನಿನಗೂ ಒಂದು ಬೇಕೇನು? ಕೆಲಸದವರಿಗೆ ರಿಯಾಯಿತಿ ಇಲ್ಲ ಮತ್ತೆ." ಹೊರಗೆ ಕುರ್ಚಿಯಲ್ಲಿ ಕೂತ ಮುದುಕಿ, "ಬೈಬೇಡಿ ಬಿಡಿ, ಗೋಡೆ ಚೆನ್ನಾಗೇ ಕಾಣಿಸ್ತು," ಎಂದಳು. ಅವನಿಗೆ ನಗು ಬರಲಿಲ್ಲ. ಎರಡೂ ಮಸೂರ ಬಿಚ್ಚಿ ಅದಲುಬದಲು ಕೂರಿಸಿದ. ಕೂರಿಸಿದ ಮೇಲೆ ಈಗಲಾದರೂ ಸರಿಯೋ, ಮೊದಲೇ ಸರಿಯಿತ್ತೋ ಎಂದು ಚೀಟಿಯನ್ನು ಮೂರು ಸಲ ಓದಿದ. ಮೂರು ಸಲವೂ ಚೀಟಿಯಲ್ಲಿ ಅದೇ ಇತ್ತು. ನಾಲ್ಕನೆಯ ಸಲ ಓದುವ ಆಸೆಯನ್ನು ಹಲ್ಲು ಕಚ್ಚಿ ತಡೆದ. ಹನ್ನೆರಡಕ್ಕೆ, ತಲೆನೋವು ಎಂದು ಹೇಳಿ, ಮೀಟರಿದ್ದ ಚೀಲ ಹೆಗಲಿಗೇರಿಸಿ ಹೊರಬಿದ್ದ.

ನಿಲ್ದಾಣದಲ್ಲಿ ಅಕ್ಕನ ಮನೆಯ ಕಡೆಯ ಬಸ್ಸು ನಿಂತಿತ್ತು. ಅವನು ಅದನ್ನು ದಾಟಿ ಮೇಷ್ಟ್ರ ಬೀದಿಗೆ ನಡೆದ. ಮೇಷ್ಟ್ರದು ಖಚಿತಪಡಿಸಿಕೊಂಡರೆ ಅಕ್ಕನದು ಖಚಿತವಾಗುತ್ತದೆ, ಇದು ಕ್ರಮಬದ್ಧ ಪರೀಕ್ಷೆ, ಎಂದು ತಲೆ ಹೇಳಿತು. ಅಪಾಯ ಎಲ್ಲಿದೆಯೋ ಅಲ್ಲಿಗೆ ಹೋಗುವುದು ಬಿಟ್ಟು ಮಾನ ಹೋಗದ ಕಡೆಗೆ ಮೊದಲು ಹೋಗುತ್ತಿದ್ದೇನೆ ಎಂಬುದು ಕಾಲಿಗೆ ಗೊತ್ತಿತ್ತು. ಬೇಗ ಬೇಗ ನಡೆಯಿತು. ಮೇಷ್ಟ್ರು ಒಂದೇ ರೂಮಿನ ಮನೆಯಲ್ಲಿ, ಅರ್ಧ ಗೋಡೆ ಮುಚ್ಚುವಷ್ಟು ಹಳೆಯ ರೆಕಾರ್ಡುಗಳ ನಡುವೆ ಬನಿಯನ್ನಿನಲ್ಲಿ ಕೂತಿದ್ದರು. "ಕೇಳು," ಎಂದು ಬೆರಳೆತ್ತಿದರು. ಅವನು ಸ್ಪೀಕರಿಗೆ ಕಿವಿಯಿಟ್ಟ. ಇತ್ತು, ತಾನು ಬಿಟ್ಟಷ್ಟೇ ಇತ್ತು. ಪ್ಲಗ್ಗು ಕಿತ್ತು ಮೀಟರಿಟ್ಟ. ಪೀಂ. ಮುಚ್ಚಳವನ್ನೂ ಬಿಚ್ಚಿದ; ನಟ್ಟು ಕಲ್ಲಿನಂತೆ ಕೂತಿತ್ತು. "ಈ ವಯರೇ ಸಾರ್ ಸದ್ದಿಗೆ ಕಾರಣ," ಎಂದ. "ಮತ್ತೆ ಕಿತ್ತು ಹಾಕು." "ಕೀಳೋ ಹಾಗಿಲ್ಲ." "ಯಾಕಪ್ಪಾ?" "ಯಾವತ್ತಾದ್ರೂ ಒಳಗೆ ಏನಾದ್ರೂ ಸುಟ್ಟರೆ, ಡಬ್ಬಿ ಮುಟ್ಟಿದೋರು ಸಾಯಬಾರದಲ್ಲ, ಅದಕ್ಕೆ." ಮೇಷ್ಟ್ರು ಯೋಚಿಸಿದರು. "ನನಗೆ ಎಪ್ಪತ್ತೆಂಟು. ಆ ಯಾವತ್ತಾದ್ರೂ ಬರೋದ್ರೊಳಗೆ ನಾನೇ ಹೋಗಿರ್ತೀನಿ. ಅಲ್ಲೀತನಕ ದಿನಾ ಪಿಸುಪಿಸು ಕೇಳಬೇಕಾ?" ಅವನು ಮುಚ್ಚಳದ ಸ್ಕ್ರೂ ತಿರುಗಿಸಿದ. "ಆ ಹಳೇ ಅಡಾಪ್ಟರೇ ವಾಸಿ ಇತ್ತು," ಎಂದು ಮೇಷ್ಟ್ರು ರೆಕಾರ್ಡುಗಳಿಗೆ ಹೇಳಿದರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವನಿಗೆ ಮುಚ್ಚುವ ಮೊದಲು ನಟ್ಟು ನೋಡಿದೆನೇ ಎಂದು ಅನುಮಾನ ಬಂತು. ನೋಡಿದ್ದ. ಕಲ್ಲಿನಂತೆ ಎಂದುಕೊಂಡದ್ದೂ ನೆನಪಿತ್ತು. ಆದರೂ ವಾಪಸು ಬಾಗಿಲು ತಟ್ಟಿ ಇನ್ನೊಮ್ಮೆ ಮೀಟರಿಟ್ಟ. ಮೇಷ್ಟ್ರು ಅವನನ್ನು ನೋಡುವ ರೀತಿ ಬದಲಾಯಿತು. ಅದುವರೆಗೆ ಕೆಟ್ಟ ಕೆಲಸಗಾರನನ್ನು ನೋಡುತ್ತಿದ್ದವರು ಈಗ ಕಾಯಿಲೆಯವನನ್ನು ನೋಡಿದರು. "ನೀರು ಕುಡೀತೀಯಾ?" ಎಂದು ಮೆತ್ತಗೆ ಕೇಳಿದರು.

ಬಸ್ಸಿನಲ್ಲಿ ನಿಂತೇ ಹೋದ. ಕಂಬಿ ಹಿಡಿದ ಕೈಗಳನ್ನೆಲ್ಲ ನೋಡಿದ, ಒಂದೇ ಲೋಹಕ್ಕೆ ಇಪ್ಪತ್ತು ಕೈ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಕ್ಕ ಅಂಗೈಯ ಹಿಂಬದಿಯಿಂದ ಅವನ ಹಣೆ ಮುಟ್ಟಿ ನೋಡುತ್ತಿದ್ದಳು, ಅಂಗೈಗಿಂತ ಅಲ್ಲಿ ಸರಿಯಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಬಿಸಿ ನೋಡಲು ಈಗಲೂ ಹಾಗೇ ಮುಟ್ಟುತ್ತಾಳೆ. ಸಾಕ್ಸು ಒಣಗಿತೇ ಎಂದು ಡಬ್ಬಿಯನ್ನೂ ಹಾಗೇ ಮುಟ್ಟುತ್ತಾಳೆ. ಅವಳಿಗೇನಾದರೂ ಆದರೆ ಸುದ್ದಿ ಹೇಳುವ ಫೋನು ಮೊದಲು ಎಲ್ಲಿಗೆ ಬರುತ್ತದೆ, ತನಗೋ ಯಜಮಾನರ ನಂಬರಿಗೋ? ಬೆಳಿಗ್ಗೆ ಒಂದು ಸಲ ಫೋನು ಮಾಡಿ ಏನಿಲ್ಲ ಸುಮ್ಮನೆ ಎಂದಿದ್ದ ಎಂದು ಭಾವ ಹೇಳುತ್ತಾರೆ. ಗೊತ್ತಿತ್ತು ಅವನಿಗೆ, ಎಂದು ಎಲ್ಲರೂ ಹೇಳುತ್ತಾರೆ. ಇಳಿಯುವ ನಿಲ್ದಾಣ ದಾಟಿ ಒಂದು ನಿಲ್ದಾಣ ಮುಂದೆ ಹೋಗಿ, ಹಿಂದಕ್ಕೆ ಓಡಿದ.

ಬಾಗಿಲು ತೆರೆದದ್ದು ಅಕ್ಕ. ಕೈ ಒದ್ದೆಯಿತ್ತು. "ಇದೇನೋ, ಅಂಗಡಿ ಹೊತ್ತಲ್ಲಿ? ಮುಖ ಯಾಕೆ ಹಾಗಿದೆ?" ಅವನು ಅವಳನ್ನು ಸರಿಸಿಕೊಂಡೇ ಒಳಗೆ ನುಗ್ಗಿ ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ. ಹಾಡು ಸೀಳಿದ ಹಾಗೆ ನಿಂತಿತು. ಡಬ್ಬಿಯ ಮೇಲೆ ಬೂದು ಬಣ್ಣದ ಒಂದು ಜೊತೆ ಸಾಕ್ಸು ಮಲಗಿತ್ತು. ಸೋಫಾದ ಮೇಲೆ ಅಡ್ಡಾಗಿದ್ದ ಭಾವ ಎದ್ದು ಕೂತರು. "ಏನಪ್ಪಾ ಇಂಜಿನಿಯರ್, ರೇಡು ಮಾಡ್ತಿದೀಯಾ?" ಅವನು ಹೇಳಿದ. ನಟ್ಟು ಬಿಚ್ಚಿದ್ದು, ಹಾಕಿದ್ದು ನೆನಪಿಲ್ಲದ್ದು, ಹಾಕದಿದ್ದರೆ ಏನಾಗಬಹುದು ಎನ್ನುವುದು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತುಗಳು ಹಿಂದುಮುಂದಾಗಿ ಬಂದವು. ಅಕ್ಕ ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡು, ಸೀರೆಗೆ ಒರೆಸಿಕೊಂಡಳು. "ಬೆಳಿಗ್ಗೆ ಫೋನು ಮಾಡಿದಾಗ ಗೊತ್ತಿತ್ತಾ ಇದು?" ಎಂದರು ಭಾವ. "ಗೊತ್ತಿತ್ತು." "ಹೇಳಲಿಲ್ಲ." "ಹೇಳಲಿಲ್ಲ." ಅಷ್ಟಾದ ಮೇಲೆ ಅವನಿಗೆ ಏನೋ ಹಗುರಾಯಿತು, ಹಗುರಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ನೆಲದ ಮೇಲೆ ಕೂತು ಮುಚ್ಚಳ ಬಿಚ್ಚಿದ.

ಹಸಿರು ವಯರು ಇದ್ದಲ್ಲೇ ಇತ್ತು. ಹಲ್ಲಿನ ವಾಷರು, ನಟ್ಟು, ಕೆಳಗೆ ಕೆರೆದ ಬಣ್ಣ. ಬೆರಳಿನಿಂದ ತಿರುಗಿಸಿ ನೋಡಿದ, ಅಲುಗಲಿಲ್ಲ. ಮೀಟರು ಪೀಂ ಎಂದಿತು. ಐದಕ್ಕೆ ಐದೂ. "ಏನಂತೆ?" ಎಂದರು ಭಾವ. "ಸರಿಯಿದೆ." "ಸರಿ ಅಂದ್ರೆ?" "ಬಿಗಿ ಮಾಡಿದ್ದೆ. ನೆನಪಿರಲಿಲ್ಲ." ಭಾವನ ನಗು ನಿಧಾನವಾಗಿ ಶುರುವಾಗಿ ಸೋಫಾವನ್ನು ಅಲುಗಿಸಿತು. "ನಮ್ಮ ಹತ್ರಾನೂ ಇಂಥೋರು ಬರ್ತಾರೆ ಕಣೇ. ಟೆಸ್ಟ್ ಪಾಸಾಗಿ ಮನೆಗೆ ಹೋಗಿ ಫೋನು ಮಾಡ್ತಾರೆ, ಸಾರ್ ನಾನು ದಾರೀಲಿ ಯಾರಿಗಾದ್ರೂ ಗುದ್ದಿದ್ನಾ ಅಂತ! ನಾನೇನಂತೀನಿ ಗೊತ್ತಾ? ಗುದ್ದಿದ್ರೆ ಅವರೇ ಹೇಳಿರೋರು ಬಿಡಪ್ಪಾ ಅಂತೀನಿ." ಅಕ್ಕನೂ ನಕ್ಕಳು, ಕಣ್ಣು ಒರೆಸಿಕೊಂಡಳು. "ಹೆದರಿಸಿಬಿಟ್ಟೆ ಕಣೋ. ಏಳು, ಊಟ ಮಾಡು." ಅವನೂ ನಗಲು ನೋಡಿದ. ಸಮಾಧಾನ ಆಗಬೇಕಿತ್ತು. ಒಳಗೆ ಒಂದು ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಹಸಿರು ವಯರು ಇದೆ. ಆಂಪ್ಲಿಫೈಯರಿಗೂ ಮೂರು ಪಿನ್ನಿದೆ. ಹಾಗಾದರೆ ಇಲ್ಲಿ ಯಾಕೆ ಗುಂಯ್ ಇಲ್ಲ? ಮೇಷ್ಟ್ರ ಮನೆಯಲ್ಲಿದೆ, ತನ್ನ ಮನೆಯಲ್ಲಿದೆ. ಮೀಟರನ್ನು ವೋಲ್ಟಿಗೆ ತಿರುಗಿಸಿ, ಮೊನೆಗಳನ್ನು ಗೋಡೆಯ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಹಾಕಿದ. ಇನ್ನೂರ ಇಪ್ಪತ್ತೆಂಟು. ಒಂದನ್ನು ಮೇಲಿನ ದಪ್ಪ ತೂತಿಗೆ ಬದಲಾಯಿಸಿದ. ಅಲ್ಲೂ ಅಷ್ಟೇ ಬರಬೇಕಿತ್ತು. ನಲವತ್ತು ಎಂದಿತು, ಹದಿನೇಳು ಎಂದಿತು, ಅರವತ್ತೆರಡು, ಮತ್ತೆ ಇಪ್ಪತ್ತು. ನಿದ್ದೆಗಣ್ಣಿನವನು ಲೆಕ್ಕ ಒಪ್ಪಿಸಿದ ಹಾಗೆ. ಅಡುಗೆಮನೆಯ ಸಾಕೆಟ್ಟಿಗೆ ಹೋಗಿ ಇಟ್ಟ. ಅಲ್ಲೂ ಹಾಗೇ.

"ಭಾವ, ಈ ಮನೇಲಿ ಅರ್ತ್ ಇಲ್ಲ," ಎಂದ.

"ಶುರುವಾಯ್ತಲ್ಲ ಮತ್ತೆ."

"ನಿಜವಾಗ್ಲೂ. ಗೋಡೇಲಿ ಇಲ್ಲ. ಅದಕ್ಕೇ ಡಬ್ಬಿ ಸುಮ್ಮನಿರೋದು."

"ಈ ಮನೆ ವಯರಿಂಗ್ ಆಗುವಾಗ ಹದಿನೈದು ದಿನ ನಾನೇ ನಿಂತಿದ್ದೆ. ಎಲ್ಲ ರೂಮಿಗೂ ಮೂರು ತೂತಿನದೇ ಹಾಕು ಅಂತ ಜಗಳ ಆಡಿ ಹಾಕಿಸಿದೀನಿ. ಕಣ್ಣು ಕಾಣಲ್ವಾ? ಅಲ್ಲಿ ಮೂರು ತೂತಿದೆಯೋ ಇಲ್ವೋ?"

"ತೂತಿದೆ. ತೂತಿನ ಹಿಂದೆ ಏನೂ ಇಲ್ಲ."

ಭಾವ ಅಕ್ಕನ ಕಡೆ ನೋಡಿ ಕೈ ಚೆಲ್ಲಿದರು. ಅವನು ಮೀಟರನ್ನು ತೋರಿಸಿದ; ಅದರಲ್ಲಿ ಹನ್ನೊಂದು, ಐವತ್ತು ಎಂದೆಲ್ಲ ಅಂಕಿಗಳು ಓಡುತ್ತಿದ್ದವು, ಅದನ್ನು ನೋಡಿ ಯಾರೂ ಏನನ್ನೂ ನಂಬುವಂತಿರಲಿಲ್ಲ. ತಾನೇ ಹಾಕಿದ ನಟ್ಟನ್ನು ತಾನೇ ನಂಬದೆ ಅರ್ಧ ಊರು ದಾಟಿ ಓಡಿ ಬಂದವನ ಮಾತು ಇದು. ಅವನೇ ಆ ಸೋಫಾದ ಮೇಲೆ ಕೂತಿದ್ದರೆ ಅವನೂ ನಂಬುತ್ತಿರಲಿಲ್ಲ. ಈಗಲೂ ನಂಬಿದ್ದೇನೆಯೇ? ಮೀಟರಿನ ಬ್ಯಾಟರಿ ಇಳಿದಿದ್ದರೆ? ಮೊನೆ ತೂತಿನೊಳಗೆ ಸರಿಯಾಗಿ ತಾಗದಿದ್ದರೆ? "ಒಂದು ಕೆಲಸ ಮಾಡು," ಎಂದರು ಭಾವ, "ಫ್ರಿಜ್ಜೂ ಕಿತ್ತು ಹಾಕು, ವಾಷಿಂಗ್ ಮಷೀನೂ ಕಿತ್ತು ಹಾಕು, ಗೀಸರೂ ಕಿತ್ತು ಹಾಕು. ಎಲ್ಲರೂ ದೀಪ ಹಚ್ಚಿಕೊಂಡು ಕೂರೋಣ."

"ಗೀಸರ್ ಅಂದ್ರಲ್ಲ," ಎಂದಳು ಅಕ್ಕ. ಅವಳು ನಗುತ್ತಿರಲಿಲ್ಲ. "ಅದು ಹಾಕಿದಾಗ ನಲ್ಲಿ ಮುಟ್ಟಿದ್ರೆ ಒಂದೊಂದು ಸಲ ಜುಮ್ ಅನ್ನುತ್ತೆ. ಅದೂ ಇದೇನಾ?"

"ಎಷ್ಟು ದಿನದಿಂದ?" ಎಂದು ಅವನು ಕೇಳಿದ. "ಎರಡು ಮೂರು ತಿಂಗಳಾಯ್ತೇನೋ. ಇವರಿಗೆ ಹೇಳಿದೆ. ಚಳಿಗೆ ಕೈ ಜೋಮು ಹಿಡಿಯುತ್ತೆ ಅಂದ್ರು. ಇವರು ಮುಟ್ಟಿದಾಗ ಆಗಲ್ಲ, ಚಪ್ಪಲಿ ಹಾಕ್ಕೊಂಡೇ ಹೋಗ್ತಾರೆ. ನಂಗೆ ಮಾತ್ರ ಹಾಗನ್ನಿಸ್ತಿರಬೇಕು ಅಂತ ಸುಮ್ಮನಾದೆ." ಹೇಳುತ್ತಾ ಅವಳು ಬಚ್ಚಲಿನ ಕಡೆ ನಡೆದಿದ್ದಳು. ತೋರಿಸುವ ಉತ್ಸಾಹದಲ್ಲಿ, ಹಣೆ ಮುಟ್ಟಿ ನೋಡುವವಳಂತೆ ಕೈಯ ಹಿಂಬದಿಯನ್ನು ನಲ್ಲಿಯ ಕಡೆ ಚಾಚಿದಳು. "ಇಲ್ಲಿ ನೋಡು—" ಅವನು ಅವಳ ರಟ್ಟೆ ಹಿಡಿದು ಎಳೆದದ್ದು ಎಷ್ಟು ಜೋರಾಯಿತೆಂದರೆ ಅವಳು ಗೋಡೆಗೆ ಬಡಿದಳು. ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಮೀಟರಿನ ಒಂದು ಮೊನೆಯನ್ನು ನಲ್ಲಿಗೆ, ಇನ್ನೊಂದನ್ನು ನೆಲದ ಒದ್ದೆ ಜಾಲರಿಗೆ ಒತ್ತಿ ಹಿಡಿದ. ಈ ಸಲ ಅಂಕಿ ಓಡಲಿಲ್ಲ. ತೊಂಬತ್ತನಾಲ್ಕು. ಭಾವ ಹಿಂದೆ ಬಂದು ನಿಂತಿದ್ದರು. ಅವನ ಭುಜದ ಮೇಲಿನಿಂದ ಬಗ್ಗಿ ಆ ಅಂಕಿಯನ್ನು ಓದಿದರು, ಆಮೇಲೆ ತಮ್ಮ ಕಾಲಿನ ರಬ್ಬರ್ ಚಪ್ಪಲಿಯನ್ನು ನೋಡಿದರು.

ಮೇನ್ ಸ್ವಿಚ್ಚು ಬಾಗಿಲ ಹಿಂದಿತ್ತು. ಅವನು ಅದನ್ನು ಕೆಳಕ್ಕೆಳೆದ. ಫ್ಯಾನು ನಿಲ್ಲುತ್ತಾ ಬಂತು, ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಗೆದ್ದೆ ಅನ್ನಿಸಬೇಕಿತ್ತೇನೋ, ಏನನ್ನಿಸುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ. ಬಚ್ಚಲ ಬಾಗಿಲಲ್ಲಿ ಅಕ್ಕ ರಟ್ಟೆ ಉಜ್ಜಿಕೊಳ್ಳುತ್ತಾ ನಿಂತಿದ್ದಳು. ಅವನು ಮತ್ತೆ ಮೊಣಕಾಲೂರಿ ಒಂದು ಮೊನೆ ನಲ್ಲಿಗೆ, ಒಂದು ಮೊನೆ ಜಾಲರಿಗೆ ಇಟ್ಟ.

"ಈಗ?" ಎಂದರು ಭಾವ. ಅಷ್ಟೇ ಅಂದರು.

"ಸೊನ್ನೆ."

"ಹಾಗಾದ್ರೆ ಮುಟ್ಟಬಹುದಾ?" ಎಂದು ಅಕ್ಕ ಕೇಳಿದಳು.

"ತಾಳು," ಎಂದ. "ಇನ್ನೊಂದು ಸಲ ನೋಡ್ತೀನಿ." ಇಬ್ಬರೂ ಕಾದರು.